ಯುದ್ಧ ಬಂತು ಎನ್ನುವವರ ಮಾತಿನಲ್ಲಿ ಪುರಾವೆ ಎಷ್ಟು?

ಯುದ್ಧದ ಸುದ್ದಿ ಹಬ್ಬಿದಾಗ ಮೊದಲು ಕಂಗೆಡುವುದು ಮಗನನ್ನು ಸೈನ್ಯಕ್ಕೆ ಕಳಿಸಿದ ಮನೆ. ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಅಂಥ ಮನೆಗಳಿವೆ. ಟಿ.ವಿ.ಯಲ್ಲಿ ಕೂಗಾಡುವವರಿಗೆ ಆ ಮನೆಯವರ ನಿದ್ದೆಯ ಚಿಂತೆ ಇಲ್ಲ. ಹಾಗಾಗಿ ವಿಶ್ಲೇಷಣೆಯ ಹೆಸರಲ್ಲಿ ಬರುವ ಮಾತನ್ನು ಜರಡಿ ಹಿಡಿಯುವುದನ್ನು ನಾವೇ ಕಲಿಯಬೇಕು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು.

ಹಂತ 1: ವಾಕ್ಯವನ್ನು ಬಿಡಿಸಿ

ಇಂಥದೊಂದು ಸಂದೇಶ ಬಂತೆನ್ನಿ: “ಗಡಿ ಕೊತಕೊತ ಕುದಿಯುತ್ತಿದೆ. ದೊಡ್ಡ ಅಧಿಕಾರಿಯೊಬ್ಬರು ಹೇಳಿದ್ದಾರೆ, ಇನ್ನು 72 ಗಂಟೆಯೊಳಗೆ ಭಾರೀ ಬೆಳವಣಿಗೆ.” ಇದನ್ನು ಬರೆದುಕೊಂಡು, ಪರೀಕ್ಷಿಸಲಾಗದ ಪದಗಳನ್ನು ಹೊಡೆದುಹಾಕಿ. “ಕೊತಕೊತ” ಬರೀ ಆವೇಶ. ಯಾವ ಅಧಿಕಾರಿ, ಎಲ್ಲಿ ಹೇಳಿದರು? ಗೊತ್ತಿಲ್ಲ. “ಭಾರೀ ಬೆಳವಣಿಗೆ” ಎಂದರೆ ಏನಾದರೂ ಆಗಬಹುದು, ನಾಳೆ ಯಾವುದೇ ಸುದ್ದಿ ಬಂದರೂ “ನಾನು ಹೇಳಿರಲಿಲ್ಲವೆ?” ಎನ್ನಬಹುದು. ಉಳಿದದ್ದು 72 ಗಂಟೆ ಮಾತ್ರ. ಪಕ್ಕದಲ್ಲಿ ಇವತ್ತಿನ ತಾರೀಖು, ಹೊತ್ತು ಬರೆದಿಡಿ.

ಹಂತ 2: ಮಾತು ಒಂದು ಕಡೆ, ಸಿದ್ಧತೆ ಇನ್ನೊಂದು ಕಡೆ

ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಯಾರು ಏನು ಅಂದರು, ಬಲಕ್ಕೆ ಯಾರು ಏನು ಮಾಡಿದರು. ಇದರ ಅಭ್ಯಾಸಕ್ಕೆ ಶ್ರೀರಂಗಪಟ್ಟಣದ ಕಥೆಯನ್ನೇ ತೆಗೆದುಕೊಳ್ಳೋಣ.

1798ರ ಜನವರಿ 30ರಂದು ಮಾರಿಷಸ್ಸಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಒಂದು ಘೋಷಣೆ ಹೊರಡಿಸಿದ. ಇಂಗ್ಲಿಷರನ್ನು ಓಡಿಸಲು ಟಿಪ್ಪು ನೆರವು ಕೇಳಿದ್ದಾನೆ, ಸೇರುವವರು ಸೇರಿ ಎಂಬುದು ಅದರ ಸಾರ. ಜೂನ್‌ನಲ್ಲಿ ಅದು ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಫ್ರೆಂಚರ ನಂಟು ಸುಳ್ಳೇನಲ್ಲ. ಅವರ ಪಡೆ ಬೀಡುಬಿಟ್ಟ ಕಾರಣಕ್ಕೇ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಆದರೆ ಘೋಷಣೆ ನಂಬಿ ಮಂಗಳೂರಿನಲ್ಲಿ ಬಂದಿಳಿದವರು ಸುಮಾರು ನೂರು ಮಂದಿ ಅಷ್ಟೆ. ಅಷ್ಟು ಜನರಿಂದ ಯಾವ ಸಾಮ್ರಾಜ್ಯವೂ ಅಲುಗುವುದಿಲ್ಲ.

ಈಗ ಬಲಭಾಗ ನೋಡಿ. ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿ ಅದೇ ಜೂನ್‌ನಲ್ಲಿ ಮದ್ರಾಸಿನ ಸೇನಾಪತಿ ಹ್ಯಾರಿಸ್‌ಗೆ ಸೈನ್ಯ ಕೂಡಿಸಲು ಸೂಚಿಸಿದ. ಸೆಪ್ಟೆಂಬರ್ 1ಕ್ಕೆ ನಿಜಾಮನ ಜೊತೆ ಒಪ್ಪಂದವಾಯಿತು. ಅಕ್ಟೋಬರ್‌ನಲ್ಲಿ ಹೈದರಾಬಾದಿನ ಫ್ರೆಂಚ್ ದಳದ ಆಯುಧ ಕಿತ್ತುಕೊಂಡರು. 1799ರ ಫೆಬ್ರುವರಿಯಲ್ಲಿ ವೆಲ್ಲೂರಿನಿಂದಲೂ ಕಣ್ಣೂರಿನಿಂದಲೂ ಪಡೆಗಳು ಹೊರಟವು. ಮೇ 4ರಂದು ಕೋಟೆ ಬಿತ್ತು. ಗದ್ದಲವೆಲ್ಲ ಟಿಪ್ಪು ದಾಳಿ ಮಾಡುತ್ತಾನೆಂದು. ಸಿದ್ಧತೆಯೆಲ್ಲ ಟಿಪ್ಪುವಿನ ಮೇಲೆ. ಭಯ ಹಬ್ಬಿಸುವವರೇ ಏನು ಕೂಡಿಹಾಕುತ್ತಿದ್ದಾರೆ ಎಂದೂ ನೋಡಬೇಕು ಎನ್ನುವುದು ಇದಕ್ಕೇ.

ಹಂತ 3: ಮೇವು, ದವಸ, ರಕ್ತದ ಲೆಕ್ಕ ಕೇಳಿ

ಇದಕ್ಕೂ ಮುಂಚಿನ ಯುದ್ಧ ನೋಡಿ. 1791ರ ಮೇ 15ರಂದು ಅರಕೆರೆ ಬಳಿಯ ಕಾಳಗದಲ್ಲಿ ಟಿಪ್ಪುವಿನ ವಿರುದ್ಧ ಗೆದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣ ಕಣ್ಣಳತೆಯಲ್ಲೇ ಇತ್ತು. ಆದರೆ ಎತ್ತುಗಳು ಸತ್ತಿದ್ದವು, ದವಸ ಮುಗಿದಿತ್ತು. ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ವ್ಯವಸ್ಥೆ ಮಾಡಿಕೊಂಡು ಮತ್ತೆ ಬಂದದ್ದು 1792ರ ಫೆಬ್ರುವರಿಯಲ್ಲಿ.

ಇವತ್ತಿಗೂ ಲೆಕ್ಕ ಅದೇ. 2022ರ ಜನವರಿಯಲ್ಲಿ ರಷ್ಯಾ ಉಕ್ರೇನ್ ಗಡಿಗೆ ಗಾಯಾಳುಗಳಿಗಾಗಿ ರಕ್ತದ ದಾಸ್ತಾನು ಸಾಗಿಸಿದೆ ಎಂಬ ವರದಿ ಬಂತು. ಫೆಬ್ರುವರಿಯಲ್ಲಿ ಕೆಲವು ಪಡೆಗಳು ವಾಪಸಾಗುತ್ತಿವೆ ಎಂದು ಮಾಸ್ಕೋ ಹೇಳಿತು, 24ರಂದು ಯುದ್ಧ ಶುರುವಾಯಿತು. ರಕ್ತ ಬಹಳ ದಿನ ಇಡಲಾಗದ ವಸ್ತು, ತೋರಿಕೆಗೆಂದು ಸಾಗಿಸುವುದು ಅಪರೂಪ. ವಿಶ್ಲೇಷಕರು ಇಂಥ ದುಬಾರಿ ಗುರುತನ್ನು ತೋರಿಸಿದರೆ ಮಾತ್ರ ಕಿವಿ ನಿಮಿರಿಸಿ.

ಹಂತ 4: ಸಿದ್ಧತೆ ಕಂಡ ಕೂಡಲೇ ಯುದ್ಧ ಎನ್ನಬೇಡಿ

2001ರ ಡಿಸೆಂಬರ್ 13ರ ಸಂಸತ್ ದಾಳಿಯ ನಂತರ ಭಾರತ, ಪಾಕಿಸ್ತಾನಗಳ ಲಕ್ಷಾಂತರ ಸೈನಿಕರು ಗಡಿಗೆ ಹೋದರು, ಹತ್ತು ತಿಂಗಳು ಎದುರುಬದುರು ನಿಂತರು. ಯುದ್ಧವಾಗಲಿಲ್ಲ. ಸಿದ್ಧತೆ ಎಂದರೆ ‘ಆಗಬಹುದು’ ಅಷ್ಟೆ. ಕೆ.ಆರ್.ಎಸ್. ಅಣೆಕಟ್ಟೆಗೆ ಕಾವಲು ಬಿಗಿ ಮಾಡಿದರೆ ಅದು ಎಚ್ಚರಿಕೆ, ದಾಳಿಯ ಮುನ್ಸೂಚನೆ ಅಲ್ಲ.

ಹಂತ 5: ಮೂಲ ಎಷ್ಟು ಎಂದು ಎಣಿಸಿ

ಮೇ 2025ರಲ್ಲಿ, ಭಾರತ–ಪಾಕಿಸ್ತಾನ ಸಂಘರ್ಷದ ವೇಳೆ, ಕರಾಚಿ ಬಂದರಿನ ಮೇಲೆ ದಾಳಿಯಾಯಿತೆಂದು ಹಲವು ವಾಹಿನಿಗಳು ಒಟ್ಟಿಗೇ ಹೇಳಿದವು, ಅದು ನಿಜವಾಗಿರಲಿಲ್ಲ. ಎಟಿಎಂಗಳು ಮುಚ್ಚುತ್ತವೆ ಎಂಬ ಸಂದೇಶವನ್ನು ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಸುಳ್ಳೆಂದು ಹೇಳಬೇಕಾಯಿತು. ಹತ್ತು ಬಾಯಿಯಿಂದ ಬಂದರೂ ಹುಟ್ಟಿದ್ದು ಒಂದೇ ಕಡೆಯಾದರೆ ಒಂದೇ ಎಂದು ಎಣಿಸಿ.

ಹಂತ 6: ಮನೆಯವರಿಗೆ ಗೊತ್ತಾದದ್ದು

ರಜೆಗೆ ಬಂದ ಮಗನಿಗೆ ತಕ್ಷಣ ವಾಪಸಾಗಲು ಕರೆ ಬಂದರೆ ಅದು ಟಿ.ವಿ.ಯ ಮಾತಿಗಿಂತ ಗಟ್ಟಿ ಮಾಹಿತಿ. ಆದರೂ ಒಂದು ಘಟಕದ ಸಂಗತಿ, ಅದರಿಂದ ಇಡೀ ಗಡಿಯ ಸ್ಥಿತಿ ತಿಳಿಯುವುದಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲೂ ಬರೆಯಬೇಡಿ, ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಯಾವ ರೈಲು, ಯಾವ ಊರು ಎಂದು ನೆಂಟರು ಕೇಳಿದರೆ “ಡ್ಯೂಟಿಗೆ ಹೋಗವ್ನೆ ಕಣಣ್ಣ” ಎಂದು ಅಲ್ಲಿಗೆ ಮಾತು ನಿಲ್ಲಿಸಿ.