ಕಾಣದ ಊನ, ಕಾಯಕದ ನಾಯಿ

ಲೋಕದ ಕಣ್ಣು ಹೊರಗಿನದನ್ನು ಕಂಡು ತೀರ್ಮಾನಿಸುತ್ತದೆ. ಶರಣರ ಕಣ್ಣು ಒಳಗಿನದನ್ನು ಅರಿಯಲೆಳಸುತ್ತದೆ. ಕುರುಹು, ಅರಿವು ಎಂಬ ಎರಡು ಮಾತುಗಳನ್ನು ಅಲ್ಲಮಪ್ರಭುದೇವರು ಮೊದಲಾದ ಶಿವಶರಣರು ಮತ್ತೆ ಮತ್ತೆ ವಿಚಾರಕ್ಕೆ ತಂದಿರುವರು. ಕುರುಹು ಅರಿವಿಗೆ ಸಾಧನವೇ ಹೊರತು ಕುರುಹಿನಲ್ಲಿಯೇ ನಿಂತವನಿಗೆ ಅರಿವು ದೊರೆಯದು. ಈ ತತ್ತ್ವವು ಪೂಜೆಯ ವೇಳೆಗೆ ಮಾತ್ರ ಮೀಸಲಾದುದಲ್ಲ. ನೆರೆಯವರ ನೋವನ್ನು ಕುರಿತು ತೀರ್ಪು ಹೇಳುವಾಗಲೂ ಇದನ್ನು ನೆನೆಯುವುದು ಸದ್ಭಕ್ತರಿಗೆ ಅವಶ್ಯ.

ಊರುಗೋಲು ಹಿಡಿದು ಬಂದವನಿಗೆ ಎಲ್ಲರೂ ದಾರಿ ಬಿಡುವರು. ಆದರೆ ಅಪಸ್ಮಾರ, ಮಧುಮೇಹ, ಹೃದಯದ ಬಡಿತದ ದೋಷ, ಯುದ್ಧವನ್ನೋ ಅಪಘಾತವನ್ನೋ ಕಂಡವರ ಮನಸ್ಸಿನಲ್ಲಿ ಉಳಿದ ಭೀತಿ, ಇವುಗಳಿಗೆ ಹೊರಗುರುಹು ಇಲ್ಲ. ನಮ್ಮ ದೇಶದ 1995ರ ಕಾಯಿದೆಯು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2016ರ ಕಾಯಿದೆಯು ಇಪ್ಪತ್ತೊಂದನ್ನು ಹೆಸರಿಸಿತು. ಹೊಸದಾಗಿ ಸೇರಿದವುಗಳಲ್ಲಿ ಹಿಮೋಫಿಲಿಯಾ, ಕಲಿಕೆಯ ನ್ಯೂನತೆ ಮೊದಲಾದ, ಮೇಲ್ನೋಟಕ್ಕೆ ತೋರದ ಊನಗಳೂ ಇವೆ. ಕಾಯಿದೆಯ ದೃಷ್ಟಿ ವಿಶಾಲವಾಗುತ್ತಿರುವಾಗ ಭಕ್ತರ ದೃಷ್ಟಿ ಸಂಕುಚಿತವಾಗಿರುವುದು ಉಚಿತವಲ್ಲ. ಎದೆಯ ಮೇಲಿನ ಇಷ್ಟಲಿಂಗವು ಅಂಗಿಯ ಮರೆಯಲ್ಲಿರುತ್ತದೆ. ಕಾಣಲಿಲ್ಲವೆಂದು ಲಿಂಗವಿಲ್ಲವೆನ್ನಬಹುದೆ? ಹಾಗೆಯೇ ಕಾಣಲಿಲ್ಲವೆಂದು ನೋವಿಲ್ಲವೆನ್ನಲಾಗದು.

ಇಂತಹ ಊನವುಳ್ಳವರಿಗೆ ಪಶ್ಚಿಮ ದೇಶಗಳಲ್ಲಿ ನಾಯಿಗಳು ಊಳಿಗ ಮಾಡುತ್ತಿವೆ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವ ಶಾಲೆಯೊಂದು 1916ರಲ್ಲಿ ಜರ್ಮನಿಯ ಓಲ್ಡೆನ್‌ಬುರ್ಗ್ ನಗರದಲ್ಲಿ ಆರಂಭವಾಯಿತು. ಅನಂತರ ಕಿವುಡರಿಗೆ, ಅಪಸ್ಮಾರ ಪೀಡಿತರಿಗೆ, ಮಧುಮೇಹಿಗಳಿಗೆ ನೆರವಾಗುವ ನಾಯಿಗಳೂ ಸಿದ್ಧವಾದವು. ಅಮೆರಿಕದ ಅಂಗವಿಕಲರ ಕಾಯಿದೆ 1990ರಲ್ಲಿ ಅಂಗೀಕಾರವಾಯಿತು. ಅದರಂತೆ, ಊನವುಳ್ಳವರಿಗಾಗಿ ಒಂದು ನಿರ್ದಿಷ್ಟ ಕೆಲಸವನ್ನು ಕಲಿತ ನಾಯಿ ಮಾತ್ರ ಸೇವೆಯ ನಾಯಿ. ಮುದ್ದಿಗಾಗಿ ಸಾಕಿದುದು ಅಲ್ಲ. ಅಂಗಡಿ, ಹೋಟೆಲುಗಳವರು ಎರಡು ಪ್ರಶ್ನೆಗಳನ್ನು ಮಾತ್ರ ಕೇಳಬಹುದು: ಊನದ ಕಾರಣದಿಂದ ಈ ನಾಯಿ ಬೇಕಾಗಿದೆಯೆ? ಅದು ಕಲಿತ ಕೆಲಸ ಯಾವುದು? ರೋಗವೇನೆಂದು ಕೇಳುವಂತಿಲ್ಲ, ಪತ್ರವನ್ನು ತೋರಿಸೆನ್ನುವಂತಿಲ್ಲ. ನಾಯಿ ಹತೋಟಿ ಮೀರಿದರೆ ಅದನ್ನು ಹೊರಗೆ ಕರೆದೊಯ್ಯಲು ಹೇಳಬಹುದು.

ದೃಷ್ಟಾಂತಕ್ಕಾಗಿ ಆ ದೇಶದಲ್ಲಿ ನೆಲಸಿದ ಕನ್ನಡ ಗೃಹಿಣಿಯೊಬ್ಬಳನ್ನು ಭಾವಿಸಬಹುದು. ಬಾಲ್ಯದಿಂದ ಅವಳಿಗೆ ಮಧುಮೇಹ. ದಿನವೂ ಇನ್ಸುಲಿನ್ ಬೇಕು. ರಕ್ತದಲ್ಲಿ ಸಕ್ಕರೆ ಕುಸಿದಾಗ ಮೈ ನಡುಗಿ, ಬೆವರಿ, ಎಚ್ಚರಿಕೆ ಕೊಡುವುದು ಶರೀರಧರ್ಮ. ಬಹುಕಾಲ ಈ ರೋಗವುಳ್ಳ ಕೆಲವರಲ್ಲಿ ಆ ಎಚ್ಚರಿಕೆಯೇ ಅಡಗಿಹೋಗುತ್ತದೆ. ತಿಳಿಯುವಷ್ಟರಲ್ಲಿ ಪ್ರಜ್ಞೆ ತಪ್ಪಬಹುದು. ಅವಳ ನಾಯಿ ಮೈಯ ವಾಸನೆಯ ಬದಲಾವಣೆಯನ್ನು ಹಿಡಿದು, ಹಗಲು ಮೂಗಿನಿಂದ ಕೈಯನ್ನು ತಿವಿಯುತ್ತದೆ, ಇರುಳು ಹೊದಿಕೆಯನ್ನೆಳೆದು ಎಬ್ಬಿಸುತ್ತದೆ. ಅವಳು ಎದ್ದು ರಕ್ತವನ್ನು ಪರೀಕ್ಷಿಸಿ, ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಬಸವ ಜಯಂತಿಯ ದಿನ ಅವಳು ನಾಯಿಯೊಡನೆ ಸಭಾಮಂದಿರಕ್ಕೆ ಬರುತ್ತಾಳೆ. ಬಾಗಿಲಲ್ಲಿದ್ದ ಹಿರಿಯರು, “ತಾಯೀ, ನೋಡಿದರೆ ಗಟ್ಟಿಮುಟ್ಟಾಗಿದ್ದೀರಿ. ನಾಯಿಯನ್ನು ಕಾರಿನಲ್ಲಿ ಬಿಟ್ಟು ಬನ್ನಿ, ಇದು ಪೂಜೆಯ ಸ್ಥಳ” ಎನ್ನುತ್ತಾರೆ. ಅವಳು ಮರುಮಾತಾಡದೆ ಪ್ರಸಾದವಿಲ್ಲದೆ ಹಿಂತಿರುಗುತ್ತಾಳೆ.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಅಮೆರಿಕದ ಆ ಕಾಯಿದೆಯ ಸಾರ್ವಜನಿಕ ಸ್ಥಳಗಳ ನಿಯಮವು ಧಾರ್ಮಿಕ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. ಅಂಗಡಿಯವನು ಕಾನೂನಿಗೆ ಅಂಜಿ ಬಾಗಿಲು ತೆರೆಯುವನು. ಭಕ್ತರ ಸಭೆಯನ್ನು ತೆರೆಯಿಸುವ ಕಾನೂನು ಇಲ್ಲ. ಅಲ್ಲಿ ಧರ್ಮವೊಂದೇ ಬಾಗಿಲು ತೆರೆಯಬೇಕು. ಕಾನೂನು ಮುಗಿದೆಡೆಯಲ್ಲಿಯೇ ಧರ್ಮದ ಪರೀಕ್ಷೆ ತೊಡಗುತ್ತದೆ.

ನಾಯಿಯಿಂದ ಮೈಲಿಗೆಯಾಗುವುದೆಂಬುದು ಮೊದಲನೆಯ ಆಕ್ಷೇಪ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಲಿಂಗವಂತನಿಗೆ ಇಲ್ಲವೆಂದು ಕಳೆದ ಧರ್ಮದಲ್ಲಿ, ತನ್ನ ಕೆಲಸ ಮಾಡುವ ಮೂಕಜೀವಿಗೆ ಮಾತ್ರ ಸೂತಕವನ್ನು ಕಲ್ಪಿಸುವುದು ಹೇಗೆ ಸಲ್ಲುವುದು? ಶುಚಿತ್ವ ಬೇರೆ, ಮಡಿ ಬೇರೆ. ನಾಯಿಯನ್ನು ಶುಚಿಯಾಗಿಡುವುದು ಅದನ್ನು ಕರೆತಂದವರ ಹೊಣೆ. ನಾಯಿ ಹೀನಜನ್ಮವೆಂಬುದು ಎರಡನೆಯ ಆಕ್ಷೇಪ. ಹಾವಿನಹಾಳ ಕಲ್ಲಯ್ಯನವರು ಜಾತಿಯ ಗರ್ವದಿಂದ ಬೀಗಿದವರ ಎದುರಿನಲ್ಲಿ ನಾಯಿಯಿಂದ ವೇದವನ್ನೋದಿಸಿದರೆಂದು ಪುರಾಣಗಳು ಹೇಳುತ್ತವೆ. ಆ ಕಥೆಯ ತಾತ್ಪರ್ಯವು ನಾಯಿಯ ಮಹಿಮೆಯಲ್ಲ. ಹುಟ್ಟನ್ನು ಹಿಡಿದು ಜೀವಿಯನ್ನು ಅಳೆಯುವವರಿಗೆ ಕಲಿಸಿದ ಪಾಠ.

ಮೂರನೆಯ ಶಂಕೆಗೆ ತಳಹದಿಯುಂಟು. ಸಾಕುನಾಯಿಗೆ ಸೇವೆಯ ನಾಯಿಯ ಕವಚವನ್ನು ತೊಡಿಸಿ ಎಲ್ಲೆಡೆ ನುಗ್ಗುವವರೂ ಇದ್ದಾರೆ. ಆಚಾರವಿಲ್ಲದೆ ಲಾಂಛನವನ್ನು ಧರಿಸಿದವರನ್ನು ಶರಣರು ಕಟುವಾಗಿ ಟೀಕಿಸಿರುವರು. ಇದೂ ಅಂತಹ ವೇಷವೇ. ಕಲಿಯದ ನಾಯಿ ಬೊಗಳಿ ಹಾರಿದಾಗ, ಅದರ ಫಲವನ್ನು ನಿಜವಾದ ಊನವುಳ್ಳವರು ಉಣ್ಣಬೇಕಾಗುತ್ತದೆ. ಆದರೆ ಡಾಂಭಿಕರಿರುವರೆಂದು ಜಂಗಮಸೇವೆಯನ್ನು ಶರಣರು ಬಿಡಲಿಲ್ಲ. ಹಾಗೆಯೇ ಇಲ್ಲಿಯೂ ನಾಯಿಯ ನಡತೆಯನ್ನು ನೋಡಬೇಕೇ ಹೊರತು, ನೋವುಂಡವರಿಂದ ನೋವಿನ ಸಾಕ್ಷ್ಯವನ್ನು ಕೇಳಬಾರದು.

ಸೇವೆಯ ನಾಯಿಯದೂ ಒಂದು ಕಾಯಕವೆಂದು ತಿಳಿದರೆ ನಡೆಯ ನಿಯಮಗಳು ತಾವಾಗಿಯೇ ಹೊಳೆಯುವುವು. ಕೆಲಸದಲ್ಲಿರುವ ನಾಯಿಯನ್ನು ಕರೆಯಬಾರದು, ಮುಟ್ಟಬಾರದು, ತಿಂಡಿಯನ್ನು ಎಸೆಯಬಾರದು; ಅದರ ಗಮನ ಒಂದು ಕ್ಷಣ ಚದುರಿದರೂ ಒಡತಿಯ ಜೀವಕ್ಕೆ ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ತಿಳಿಹೇಳಬೇಕು. ನಾಯಿಗೆ ಅಂಜುವವರೂ, ಅದರ ಕೂದಲಿನಿಂದ ಉಬ್ಬಸಗೊಳ್ಳುವವರೂ ಸಭೆಯಲ್ಲಿರಬಹುದು. ಅವರ ಊನವೂ ಕಾಣದ ಊನವೇ. ಆದುದರಿಂದ ಸ್ವಲ್ಪ ದೂರದಲ್ಲಿ, ಬಾಗಿಲ ಬಳಿಯಲ್ಲಿ ಆಸನವನ್ನು ಕಲ್ಪಿಸಿದರೆ ಎಲ್ಲರಿಗೂ ಹಿತ.

ನಾಯಿಯೊಡನೆ ಬಾಳುವವರಿಗೂ ಕರ್ತವ್ಯವುಂಟು. ಎಲ್ಲ ನಾಯಿಗಳೂ ಎಲ್ಲ ವೇಳೆಯಲ್ಲಿಯೂ ತಪ್ಪದೆ ಗುರುತಿಸಲಾರವು. ಅದರ ಸೂಚನೆಯನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು, ವೈದ್ಯರ ಸಲಹೆಯನ್ನು ಬಿಡಬಾರದು. ಅದಕ್ಕೆ ಹೊತ್ತಿಗೆ ಆಹಾರ, ಆಟ, ವಿಶ್ರಾಂತಿಗಳನ್ನು ಕೊಡಬೇಕು. ಮುಪ್ಪು ಬಂದು ಕೆಲಸ ತೀರಿದಾಗ ಅದನ್ನು ಹೊರೆಯೆಂದೆಣಿಸದೆ ಸಲಹಬೇಕು. ಸಕಲ ಪ್ರಾಣಿಗಳಲ್ಲಿಯೂ ದಯೆಯಿರಬೇಕೆಂಬ ಬಸವಣ್ಣನವರ ಬೋಧೆಯು ಕೆಲಸಕ್ಕೆ ಬರುವ ಪ್ರಾಣಿಗಷ್ಟೇ ಸೀಮಿತವಾದುದಲ್ಲ.

ಆ ಗೃಹಿಣಿ ಮರುವರ್ಷ ಮತ್ತೆ ಬಂದಾಗ ಬಾಗಿಲಲ್ಲಿ ನಿಂತವರು ಮಾಡಬೇಕಾದುದು ಅಲ್ಪ. “ಬನ್ನಿ ತಾಯೀ, ಎಲ್ಲಿ ಕುಳಿತರೆ ಅನುಕೂಲ?” ಎಂದು ಕೇಳಿದರೆ ಸಾಕು. ಲಿಂಗವನ್ನು ಹೊತ್ತ ಕಾಯವೇ ದೇಗುಲವೆಂದು ನಂಬಿದವರು, ಆ ದೇಗುಲವನ್ನು ಇರುಳೆಲ್ಲ ಕಾಯುವ ಜೀವಿಗೆ ಕಂಬದ ಬಳಿ ನಾಲ್ಕು ಅಡಿ ನೆಲವನ್ನು ಬಿಟ್ಟುಕೊಡುವುದು ಉಪಕಾರವಲ್ಲ, ಆಚಾರ.