ಕೊಂಬೆ ಹವಳ: ಬೇಗ ಬೆಳೆಯುತ್ತೆ, ಬೇಗ ಸಾಯುತ್ತೆ

ಹೂಟಗಳ್ಳಿಯಲ್ಲಿ ಕೂತ ನಮಗೆ ಹವಳ ಅಂದ ತಕ್ಷಣ ನೆನಪಾಗೋದು ಉಂಗುರದ ಕೆಂಪು ಹರಳು. ಈ ಲೇಖನ ಅದರ ಬಗ್ಗೆ ಅಲ್ಲ, ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ. ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇಂಥ ಹವಳಗಳಿವೆ. ಆದರೆ ಜಿಂಕೆ ಕೊಂಬಿನ ಹಾಗೆ ಕವಲೊಡೆಯುವ ಆಕ್ರೊಪೊರಾ ಮುರಿಕೇಟಾ ನೋಡಬೇಕಾದರೆ ಇನ್ನೂ ಪಶ್ಚಿಮಕ್ಕೆ, ಮಂಗಳೂರಿನಿಂದ ಸರಕು ಹಡಗುಗಳು ಹೋಗುವ ಲಕ್ಷದ್ವೀಪಕ್ಕೆ ಹೋಗಬೇಕು.

ಬೆಳೆಯೋದು ಹೇಗೆ?

ಇದು ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿಗಳ ಕಾಲನಿ. ಒಂದೊಂದು ಪುಟ್ಟ ಪ್ರಾಣಿಗೂ ಪಾಲಿಪ್ ಅಂತ ಹೆಸರು. ಅದು ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ತಗೊಂಡು ಸುಣ್ಣದ ಗೂಡು ಕಟ್ಟುತ್ತೆ. ಕೊಂಬೆಯ ತುದಿಯಲ್ಲಿರುವ ಪಾಲಿಪ್ ಮುಂದಕ್ಕೆ ಬೆಳೆದ ಹಾಗೆ ಪಕ್ಕದಲ್ಲಿ ಹೊಸವು ಹುಟ್ಟುತ್ತವೆ. ಪಾಲಿಪ್ ಒಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ, ಬಹುಪಾಲನ್ನು ಮನೆ ಬಾಡಿಗೆ ಥರ ಹವಳಕ್ಕೇ ಕೊಡುತ್ತೆ. ಹಾಗಾಗಿ ಕೊಂಬೆ ಹವಳ ವರ್ಷಕ್ಕೆ ಸುಮಾರು 10 ಸೆಂ.ಮೀ. ಬೆಳೆಯಬಲ್ಲದು. ಗುಂಡಗಿನ ಪೊರೈಟಿಸ್ ಹವಳ ಬೆಳೆಯೋದು ಸುಮಾರು 1 ಸೆಂ.ಮೀ. ಅಷ್ಟೇ.

ಬಿಸಿಯಾದರೆ?

ನೀರು ಬಿಸಿಯಾದಾಗ ಹವಳ ಈ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತೆ. ಇದೇ ಬ್ಲೀಚಿಂಗ್. ಹಾಗೇ ಮುಂದುವರಿದರೆ ಹಸಿವಿನಿಂದ ಸಾಯುತ್ತೆ. ಇದರ ಲೆಕ್ಕ ನಮಗೆ ಗೊತ್ತಿರೋ ಇಂಟಿಗ್ರೇಷನ್ನೇ: ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ ಎಷ್ಟು ಡಿಗ್ರಿ ಹೆಚ್ಚು, ಎಷ್ಟು ವಾರ? 1 ಡಿಗ್ರಿ ಹೆಚ್ಚಾಗಿ 4 ವಾರ ಇದ್ದರೆ 4 ಡಿಗ್ರಿ-ವಾರ, ಅಲ್ಲಿಗೆ ಬ್ಲೀಚಿಂಗ್ ಶುರು. 8 ದಾಟಿದರೆ ಸಾವು ಹೆಚ್ಚು. ಮೊದಲು ಪೆಟ್ಟು ತಿನ್ನುವ ಹವಳಗಳಲ್ಲಿ ಆಕ್ರೊಪೊರಾ ಒಂದು.

ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯ್ತು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ 1998ರಲ್ಲಿ ಸುಮಾರು 37% ಇದ್ದ ಹವಳದ ಹೊದಿಕೆ 2022ಕ್ಕೆ ಸುಮಾರು 19%ಗೆ ಇಳಿದಿದೆ.

ಉಳಿಸೋದು ಹೇಗೆ?

ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಇನ್ನೊಂದು ದಾರಿ ನಾಟಿ. ಮುರಿದ ಕೊಂಬೆಯನ್ನು ನೀರೊಳಗಿನ ಚೌಕಟ್ಟಿಗೆ ಕಟ್ಟಿದರೆ ಅದು ಮತ್ತೆ ಚಿಗುರುತ್ತೆ. ಆದರೆ ಅದು ತಾಯಿಯ ನಕಲು. ತಾಯಿ ತಡೆಯದ ಬಿಸಿಯನ್ನು ಅದೂ ತಡೆಯಲ್ಲ. ಅದಕ್ಕೆ ಬೇರೆ ಬೇರೆ ತಾಯಿ ಕಾಲನಿಗಳಿಂದ ತುಂಡು ತಗೋಬೇಕು. ಹಾಗೆ ಮಾಡಿದರೂ ನಾಟಿಯಿಂದ ಸಮುದ್ರ ತಣ್ಣಗಾಗಲ್ಲ. ಇಂಗಾಲದ ಹೊಗೆ ಕಡಿಮೆಯಾಗದೆ ಇದು ಬರೀ ಪ್ರಥಮ ಚಿಕಿತ್ಸೆ.

ಸಿವಿಲ್‌ನವರಿಗೆ ಒಂದು ಮಾತು: ಹವಳದ ದಿಬ್ಬ ಅಲೆಯ ಶಕ್ತಿಯಲ್ಲಿ ಸರಾಸರಿ 97% ತಡೆಯುತ್ತೆ. ಲಕ್ಷದ್ವೀಪದ ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರ. ಅಲ್ಲಿನ ಜನಕ್ಕೆ ಈ ದಿಬ್ಬವೇ ತಡೆಗೋಡೆ, ತಾನೇ ರಿಪೇರಿ ಮಾಡಿಕೊಳ್ಳುವ ಗೋಡೆ. ರಿಪೇರಿಗೆ ಬೇಕಾದ ಸಮಯ ಮಾತ್ರ ನಾವು ಕೊಡ್ತಿಲ್ಲ.