ಗದ್ದಲದ ನಿರ್ಮಾಣ: ಕಣವೇಗವರ್ಧಕದ ಒಂದು ನಿದರ್ಶನ

ಬೀದರ, ಕಲಬುರಗಿಗಳ ಕಡೆಯಿಂದ ಹೈದರಾಬಾದಿಗೆ ಬರುವ ಕನ್ನಡಿಗರಿಗೆ ಲಿಂಗಂಪಲ್ಲಿ ಪರಿಚಿತವಾದ ರೈಲು ನಿಲ್ದಾಣ. ಗಾಡಿಯ ಸದ್ದು, ಜನರ ಮಾತು ಬೆರೆತು ಅಲ್ಲಿ ಧ್ವನಿವರ್ಧಕದ ಪ್ರಕಟಣೆ ಅಸ್ಪಷ್ಟವಾಗುವುದುಂಟು. ಬೇಕಾದ ಸಂಕೇತವನ್ನು ಮಸುಕುಗೊಳಿಸುವ ಇಂತಹ ಏರಿಳಿತವನ್ನೇ ವಿಜ್ಞಾನವು ಗದ್ದಲವೆಂದು ಕರೆಯುತ್ತದೆ. ಅದನ್ನು ತಗ್ಗಿಸುವುದು ತಂತ್ರಜ್ಞರ ವಾಡಿಕೆ. ಆದರೆ ಗದ್ದಲವನ್ನೇ ಲೆಕ್ಕವಿಟ್ಟು ನಿರ್ಮಿಸಬೇಕಾದ ಸಂದರ್ಭವೂ ಉಂಟು. ಭಾರತವು 2017ರಲ್ಲಿ ಸಹಸದಸ್ಯತ್ವ ಪಡೆದ, ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಬೃಹತ್ ಹ್ಯಾಡ್ರಾನ್ ಘರ್ಷಕ ಇದಕ್ಕೆ ನಿದರ್ಶನ.

ಸುಮಾರು 27 ಕಿಲೋಮೀಟರ್ ಪರಿಧಿಯ ಈ ಯಂತ್ರದಲ್ಲಿ ಪ್ರೋಟಾನುಗಳು ಗೊಂಚಲುಗಳಾಗಿ ಸುತ್ತುತ್ತವೆ. ಸುಮಾರು 400 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೋ ಕ್ಷೇತ್ರವು ಅವುಗಳಿಗೆ ಶಕ್ತಿಯನ್ನಿತ್ತು, ಚದುರದಂತೆಯೂ ಹಿಡಿದಿಡುತ್ತದೆ. ಗೊಂಚಲಿನೊಳಗೆ ಪ್ರತಿಯೊಂದು ಕಣವೂ ಉಯ್ಯಾಲೆಯಂತೆ ಹಿಂದುಮುಂದಾಗಿ ಆಂದೋಲಿಸುತ್ತದೆ. ತಿರುಳಿನ ಕಣಗಳ ಆಂದೋಲನದ ಆವೃತ್ತಿ ಹೆಚ್ಚು, ಅಂಚಿನವುಗಳದು ಕಡಿಮೆ. ಈ ವ್ಯತ್ಯಾಸವೇ ಗೊಂಚಲಿಗೆ ರಕ್ಷೆ. ಕಣಗಳೆಲ್ಲ ಒಂದೇ ತಾಳಕ್ಕೆ ಕುಣಿಯದಿರುವುದರಿಂದ ಸಾಮೂಹಿಕ ತೊನೆದಾಟ ಬೆಳೆಯದು. ಶಕ್ತಿ ಏರಿದಂತೆ ಗೊಂಚಲು ಕಿರಿದಾಗಿ, ವ್ಯತ್ಯಾಸ ಕುಗ್ಗಿ, ರಕ್ಷೆ ತಪ್ಪುತ್ತದೆ. 2010ರಲ್ಲಿ ಹೆಚ್ಚು ಕಣಗಳಿದ್ದ ಗೊಂಚಲುಗಳ ಶಕ್ತಿಯನ್ನು ಏರಿಸುವಾಗ ಇಂತಹ ಅಸ್ಥಿರತೆ ಕಂಡುಬಂದಿತು.

ರೇಡಿಯೋ ಕ್ಷೇತ್ರದ ಪ್ರಾವಸ್ಥೆಗೆ ಅಲ್ಪ ಗದ್ದಲವನ್ನು ಬೆರೆಸಿ ಗೊಂಚಲನ್ನು ಹಿತಮಿತವಾಗಿ ಹಿಗ್ಗಿಸುವುದೇ ಇದಕ್ಕೆ ಪರಿಹಾರ. ಆ ಗದ್ದಲವು ತಿರುಳಿನ ಕಣಗಳ ಆವೃತ್ತಿಗಳಿಗೆ ಮಾತ್ರ ಹೊಂದಬೇಕು. ಅಂಚಿನ ಕಣಗಳನ್ನು ಕಲಕಿದರೆ ಅವು ಹಿಡಿತ ತಪ್ಪಿ ನಷ್ಟವಾಗುತ್ತವೆ. ಮೇಲಾಗಿ ಈ ಆವೃತ್ತಿಯು ಆರಂಭದಲ್ಲಿ ಸುಮಾರು 55 ಹರ್ಟ್ಸ್ ಇದ್ದು, ಶಕ್ತಿ ಏರಿದಂತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಗದ್ದಲದ ಪಟ್ಟಿಯೂ ಅದರೊಡನೆ ಸರಿಯಬೇಕು. ಸ್ಥಿರವಾದ ಸೋಸುಮಂಡಲಗಳಿಗೆ ಇದು ಅಸಾಧ್ಯವಾದುದರಿಂದ ಅಂಕೀಯ ವಿಧಾನವೇ ಅನುಕೂಲ.

ಅದರ ಕ್ರಮ ಹೀಗಿದೆ. ಮೊದಲು ಗಣಕವು ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಹುಟ್ಟಿಸುತ್ತದೆ. ಇದರಲ್ಲಿ ಎಲ್ಲ ಆವೃತ್ತಿಗಳೂ ಸಮಪ್ರಮಾಣದಲ್ಲಿರುತ್ತವೆ. ಫೂರ್ಯೇ ಪರಿವರ್ತನೆಯಿಂದ ಆವೃತ್ತಿಗಳನ್ನು ಬಿಡಿಸಿ, ಪ್ರತಿಯೊಂದನ್ನೂ ಅಪೇಕ್ಷಿತ ರೋಹಿತದ ವರ್ಗಮೂಲದಿಂದ ಗುಣಿಸಬೇಕು. ಏಕೆಂದರೆ ರೋಹಿತ ಸೂಚಿಸುವ ಸಾಮರ್ಥ್ಯವು ಪಾರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಬಳಿಕ ವಿಲೋಮ ಪರಿವರ್ತನೆಯಿಂದ ಸಂಕೇತ ದೊರೆಯುತ್ತದೆ. ಹೀಗೆ ದೊರೆತ ತುಣುಕುಗಳನ್ನು ಸುಮ್ಮನೆ ಜೋಡಿಸಿದರೆ ಸಂದಿನಲ್ಲಿ ನೆಗೆತವುಂಟಾಗುತ್ತದೆ. ಆದ್ದರಿಂದ ಒಂದನ್ನು ಕೊಸೈನ್ ತೂಕದಲ್ಲಿ ಇಳಿಸುತ್ತ, ಮುಂದಿನದನ್ನು ಸೈನ್ ತೂಕದಲ್ಲಿ ಏರಿಸುತ್ತ ಬೆಸೆಯಬಹುದು. ಎರಡರ ವರ್ಗಗಳ ಮೊತ್ತ ಸದಾ 1 ಆಗಿರುವುದರಿಂದ ಗದ್ದಲದ ಸರಾಸರಿ ಬಲ ಬದಲಾಗದು.

ಇಲ್ಲಿ ಪ್ರತಿ ಕ್ಷಣದ ಬೆಲೆ ಅನಿಯತ, ಒಟ್ಟು ಸ್ವಭಾವ ನಿಯತ. ಆದುದರಿಂದ ಗದ್ದಲವನ್ನು ‘ಬೇಡದ ಸಂಕೇತ’ವೆಂದಷ್ಟೇ ಅರ್ಥೈಸುವುದು ಸಾಲದು. ‘ಬೇಡದ’ ಎಂಬುದು ಬಳಕೆಗೆ ಸಂಬಂಧಿಸಿದ ಮಾತು. ಅನಿಯತತೆಯೇ ಅದರ ಲಕ್ಷಣ. ಕನ್ನಡದ ಪಾರಿಭಾಷಿಕ ಕೋಶಗಳು ಈ ಭೇದವನ್ನು ಗುರುತಿಸುವುದು ಅವಶ್ಯ.